ಕಂಡಕ್ಟರಣ್ಣನ ಸೆಟ್ಟು

ಅವರು ತೀರಿಕೊಂಡರೆಂದು ಫೋನು ಬಂದಾಗ ನನ್ನ ಬಾಯಿಂದ ಹೊರಟ ಮೊದಲ ಮಾತು, "ಯಾವ ಮರದಿಂದ ಬಿದ್ದರು?"

ಫೋನು ಮಾಡಿದ್ದವಳು ಕೈಲಾಂಚದ ಹತ್ತಿರದ ಆ ಊರಿನ ಹೈಸ್ಕೂಲಿನಲ್ಲಿ ನನ್ನ ಜೊತೆಗಿದ್ದ ಗಣಿತದ ಟೀಚರು. "ಮರದಿಂದ ಬಿದ್ದಿಲ್ಲ ಮೇಡಂ" ಎಂದಳು. "ಮತ್ತೆ, ಕರೆಂಟ್ ಹೊಡೀತಾ?" ಎಂದೆ. "ಅದೂ ಇಲ್ಲ. ಮಧ್ಯಾಹ್ನ ಉಂಡು ಮಲಗಿದ್ದೋರು ಮತ್ತೆ ಏಳ್ಲಿಲ್ಲ, ಅಷ್ಟೇ. ಊರಲ್ಲಿ ಯಾರಿಗೂ ನಂಬಕ್ಕೇ ಆಯ್ತಿಲ್ಲ." ನನಗೂ ನಂಬಲಾಗಲಿಲ್ಲ. ವರ್ಷಗಟ್ಟಲೆ ತೆಂಗಿನ ಮರ ಹತ್ತಿ ತಂತಿ ಕಟ್ಟಿ, ಒದ್ದೆ ಕೈಯಲ್ಲಿ ಪ್ಲಗ್ಗು ಮುಟ್ಟಿ, ಕಾದ ಸೋಲ್ಡರಿಂಗ್ ಕಡ್ಡಿಯನ್ನು ಪೆನ್ನೆಂದು ತಿಳಿದು ಕಿವಿಯ ಮೇಲೆ ಸಿಕ್ಕಿಸಿಕೊಳ್ಳಲು ಹೋದ ಮನುಷ್ಯ, ಕೊನೆಗೆ ಚಾಪೆಯ ಮೇಲೆ ಸುಮ್ಮನೆ ಹೋಗಿಬಿಡುವುದೆಂದರೆ! ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತು ಮೊದಲು ನಕ್ಕೆ, ಆಮೇಲೆ ಅತ್ತುಬಿಟ್ಟೆ. ಈಗ ನಾನಿರುವ ಮಾಗಡಿಯ ಶಾಲೆಯಲ್ಲಿ ಅವರನ್ನು ಕಂಡವರು ಯಾರೂ ಇಲ್ಲ. ಯಾರಿಗಾದರೂ ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಆ ಊರಿನವರಿಗೇ ಗುರುತು ಹತ್ತುವುದಿಲ್ಲ. ರಾಮನಗರ, ಕನಕಪುರದ ನಡುವೆ ಓಡುವ ಬಸ್ಸಿನಲ್ಲಿ ಕಂಡಕ್ಟರಾಗಿದ್ದರಿಂದ ಊರಿಗೆಲ್ಲ ಅವರು ಕಂಡಕ್ಟರಣ್ಣ. ಆಕಾಶದಲ್ಲಿ ಮಾತ್ರ ಅವರಿಗೆ ಇನ್ನೊಂದು ಹೆಸರಿತ್ತು: ಇಂಗ್ಲಿಷ್ ಅಕ್ಷರಗಳೂ ಒಂದು ಅಂಕಿಯೂ ಸೇರಿದ ಕರೆಸಂಕೇತ. ಸರ್ಕಾರ ನಡೆಸುವ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ತೆಗೆದುಕೊಂಡು, ಮನೆಯಲ್ಲೇ ರೇಡಿಯೊ ಸೆಟ್ಟಿಟ್ಟುಕೊಂಡು ಗಾಳಿಯಲ್ಲಿ ಊರೂರಿನ ಜನರ ಜೊತೆ ಮಾತಾಡುವ ಹವ್ಯಾಸಕ್ಕೆ ಹ್ಯಾಮ್ ರೇಡಿಯೊ ಎನ್ನುತ್ತಾರೆ ಎಂಬುದು ನನಗೆ ಗೊತ್ತಾದದ್ದೇ ಅವರಿಂದ. ಸೋಲೂರು ಕಡೆಯವಳಾದ ನಾನು ಅಲ್ಲಿಗೆ ಕನ್ನಡ ಟೀಚರಾಗಿ ವರ್ಗವಾಗಿ ಬಂದು, ಅವರ ಮನೆಯ ಮಾಳಿಗೆ ಕೋಣೆಯಲ್ಲಿ ಬಾಡಿಗೆಗಿದ್ದೆ. ಬಂದ ವಾರದಲ್ಲೇ ಕೇಳಿದ್ದೆ, "ಫೋನಿದೆಯಲ್ಲ, ಇದೆಲ್ಲ ಯಾಕೆ?" ಅಂತ.

"ಫೋನಲ್ಲಿ ಗೊತ್ತಿರೋರ ತಾವ ಮಾತಾಡ್ತೀವಿ ಮೇಡಂ. ಇದ್ರಲ್ಲಿ ಗೊತ್ತಿಲ್ದೋರು ಸಿಕ್ತಾರೆ" ಎಂದರು.

"ಬಸ್ಸಿನಲ್ಲಿ ದಿನಾ ಅಷ್ಟು ಜನ ಗೊತ್ತಿಲ್ಲದವರು ಸಿಗ್ತಾರಲ್ಲ?"

"ಅವ್ರು ಚಿಲ್ಲರೆ ಕೇಳ್ತಾರೆ" ಎಂದು ಅವರು ಎದ್ದು ಹೋದರು.

ಮುಚ್ಚಿದ ವಸ್ತು ಯಾವುದನ್ನು ಕಂಡರೂ ಅವರಿಗೆ ಸಮಾಧಾನವಿರುತ್ತಿರಲಿಲ್ಲ. "ಒಸಿ ತಗ್ದು ನೋಡಾನ, ಒಳಗೇನೈತೆ?" ಎಂಬುದು ದಿನದ ಮಂತ್ರ. ನನ್ನ ಮಿಕ್ಸಿ, ಗೋಡೆ ಗಡಿಯಾರ, ಸೊಳ್ಳೆ ಬ್ಯಾಟು ಎಲ್ಲವನ್ನೂ ಕೆಡುವ ಮೊದಲೇ ರಿಪೇರಿ ಮಾಡಿಕೊಟ್ಟರು. ಬಿಚ್ಚಿ ಜೋಡಿಸಿದ ಮೇಲೆ ಒಂದೆರಡು ಸ್ಕ್ರೂ ಉಳಿಯಲೇಬೇಕು. ಆ ಉಳಿದ ಸ್ಕ್ರೂಗಳನ್ನೆಲ್ಲ ಹಾರ್ಲಿಕ್ಸೋ ಬೂಸ್ಟೋ ಯಾವುದೋ ಹಳೆಯ ಡಬ್ಬಿಯಲ್ಲಿ ತುಂಬಿಟ್ಟಿದ್ದರು. "ಇದು ಎಲ್ಲಿಂದ ಬಂದದ್ದು?" ಎಂದರೆ, "ಕಂಪ್ನಿಯೋರು ಹೆಚ್ಚಿಗೆ ಹಾಕಿರ್ತಾರೆ ಮೇಡಂ, ನಮ್ಮಂತೋರಿಗೆ ಬೇಕಾಯ್ತದೆ ಅಂತ" ಎನ್ನುತ್ತಿದ್ದರು. ನನ್ನ ಮಿಕ್ಸಿ ಆ ದಿನದಿಂದ ಚಟ್ನಿ ರುಬ್ಬುವಾಗ ಮೇಜಿನ ಮೇಲೆ ನಡೆದಾಡಲು ಶುರು ಮಾಡಿತು. ನಾನು ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ರುಬ್ಬುವುದನ್ನು ಕಲಿತೆ.

ಅವರು ಮೋರ್ಸ್ ಪರೀಕ್ಷೆಗೆ ಕೂತ ಕಾಲದ ಕತೆಯನ್ನು ಆ ಮಾರ್ಗದ ಬಸ್ಸಿನಲ್ಲಿ ಓಡಾಡುವ ಎಲ್ಲರೂ ಹೇಳುತ್ತಾರೆ. ಗಿಡ್ಡ ಸದ್ದು, ಉದ್ದ ಸದ್ದುಗಳಲ್ಲಿ ಅಕ್ಷರಗಳನ್ನು ಕಳಿಸುವ ಹಳೆಯ ತಂತಿ ಭಾಷೆ ಅದು. ಮನೆಯಲ್ಲಿ ಅಭ್ಯಾಸ ಮಾಡಿದರೆ ಹೆಂಡತಿ ಬೈಯುತ್ತಿದ್ದರಂತೆ. ಬಸ್ಸಿನಲ್ಲಾದರೆ ಕತ್ತಿನಲ್ಲೇ ಸೀಟಿ ಇದೆ, ಬೈಯುವವರಿಲ್ಲ. ಆದರೆ ಸೀಟಿಗೆ ಡ್ರೈವರನ ಕಡೆಯಿಂದ ಬೇರೆಯೇ ಅರ್ಥವುಂಟು. ಒಂದು ಸೀಟಿ ಊದಿದರೆ ನಿಲ್ಲಿಸು, ಎರಡು ಊದಿದರೆ ಹೋಗು. ಮೋರ್ಸಿನಲ್ಲಿ 'ಟಿ' ಎಂದರೆ ಒಂದೇ ಉದ್ದ ಸದ್ದು, 'ಐ' ಎಂದರೆ ಎರಡು ಗಿಡ್ಡ ಸದ್ದು. ಅದೊಂದು ಶುಕ್ರವಾರ, ಕಬ್ಬಾಳಿಗೆ ಹರಕೆ ಹೊತ್ತು ಹೊರಟ ಜನ ಕಿಕ್ಕಿರಿದ ಬಸ್ಸಿನಲ್ಲಿ ಇವರು ಕಣ್ಣು ಮುಚ್ಚಿಕೊಂಡು ಟಿ, ಐ, ಟಿ, ಐ ಎಂದು ಊದುತ್ತ ನಿಂತರು. ಬಸ್ಸು ನಿಂತಿತು, ಹೊರಟಿತು, ನಿಂತಿತು, ಹೊರಟಿತು. ಜನ ಒಬ್ಬರ ಮೇಲೊಬ್ಬರು ಬಿದ್ದರು. ಹರಕೆಯ ಕೋಳಿಯೊಂದು ಕೈತಪ್ಪಿ ಡ್ರೈವರನ ತೊಡೆಯ ಮೇಲೆ ಹೋಗಿ ಕೂತಿತು.

"ಅಣ್ಣೋ, ಹೋಗ್ಲಾ, ಬ್ಯಾಡ್ವಾ? ಒಂದ್ ಮಾತ್ ಹೇಳ್ಬುಡು!" ಎಂದು ಡ್ರೈವರ್ ಕೂಗಿದ.

"ಅದು ನಿನಗಲ್ಲ ಕಣ್ಲಾ, ಪರೀಕ್ಷೆಗೆ!"

"ಹಂಗಾರೆ ನನಗೆ ಊದೋದು ಯಾವ್ದು ಅಂತ ಹೆಂಗಣ್ಣ ಗೊತ್ತಾಗ್ಬೇಕು?"

ಪ್ರಶ್ನೆ ನ್ಯಾಯವಾಗಿಯೇ ಇತ್ತು. ಅಂದಿನಿಂದ ಪರೀಕ್ಷೆ ಮುಗಿಯುವ ತನಕ ಅವರು ಬಸ್ಸು ನಿಲ್ಲಿಸಲು ಬಾಗಿಲು ತಟ್ಟುತ್ತಿದ್ದರು, ಸೀಟಿಯನ್ನು ಅಕ್ಷರಗಳಿಗೇ ಮೀಸಲಿಟ್ಟಿದ್ದರು. ಪಾಸೂ ಆದರು. ಪಾಸಾದದ್ದಕ್ಕೆ ಡ್ರೈವರನಿಗೆ ಹೊಸ ಟವೆಲ್ಲು ಹೊದಿಸಿದರೆಂದು ಕೇಳಿದ್ದೇನೆ.

ಅವರ ಹತ್ತಿರ ಎರಡು ಸೆಟ್ಟುಗಳಿದ್ದವು. ಒಂದು, ಯಾರೋ ಹಳೆಯ ಹ್ಯಾಮ್ ಕೊಟ್ಟುಹೋದ ಕಂಪನಿ ಸೆಟ್ಟು. ಅದರಲ್ಲಿ ಭಾನುವಾರಗಳಂದು ತಮಿಳುನಾಡಿನವರು, ಶ್ರೀಲಂಕಾದವರು, ಒಮ್ಮೆ ಯಾವುದೋ ಹಡಗಿನವನು, ಎಲ್ಲರೂ ಸಿಗುತ್ತಿದ್ದರು. ಅದರ ಬಗ್ಗೆ ಅವರಿಗೆ ಏನೇನೂ ಗೌರವವಿರಲಿಲ್ಲ. "ಅಂಗಡಿ ಸೆಟ್ಟಲ್ಲಿ ಮಾತಾಡೋದು ಹೋಟ್ಲಲ್ಲಿ ಉಂಡಂಗೆ ಮೇಡಂ. ಹೊಟ್ಟೆ ತುಂಬ್ತದೆ, ಬೇಯಿಸ್ದೆ ಅಂತ ಹೇಳ್ಕೊಳ್ಳಂಗಿಲ್ಲ." ಅವರ ಜೀವವೆಲ್ಲ ಇದ್ದದ್ದು ಎರಡನೆಯದರಲ್ಲಿ, ಸ್ವಂತ ಕೈಯಲ್ಲಿ ಮಾಡಿದ ಸೆಟ್ಟಿನಲ್ಲಿ. ಅದರ ಒಂದೊಂದು ಬಿಡಿಭಾಗಕ್ಕೂ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ರಜಾದಿನಗಳನ್ನು ಕಳೆದಿದ್ದರು. ತಾಮ್ರದ ತಂತಿ ಸುತ್ತಲು ಬೇಕಾದ ಉರುಳೆಗಳನ್ನೂ ತಿರುಗಿಸುವ ನಾಬಿನ ಗುಬ್ಬಿಗಳನ್ನೂ ಚನ್ನಪಟ್ಟಣದ ಗೊಂಬೆ ಮಾಡುವವರೊಬ್ಬರ ಹತ್ತಿರ ಕಡೆಸಿ, ಅರಗಿನ ಬಣ್ಣ ಹಾಕಿಸಿ ತಂದಿದ್ದರು. ಅರಗಿನಲ್ಲಿ ಕರೆಂಟು ಹರಿಯುವುದಿಲ್ಲ ಎಂಬುದು ಅವರ ವಾದ. ಇರಬಹುದು. ಆದರೆ ಕೆಂಪು, ಹಳದಿ, ಹಸಿರು ಗುಬ್ಬಿಗಳ ಆ ಸೆಟ್ಟು ನೋಡಲು ಥೇಟ್ ಮಕ್ಕಳ ಆಟಿಕೆಯ ಹಾಗಿತ್ತು. ಮನೆಗೆ ಬಂದ ನೆಂಟರ ಕೂಸುಗಳೆಲ್ಲ ನೇರವಾಗಿ ಅದರ ಹತ್ತಿರ ತೆವಳುತ್ತಿದ್ದವು. ಒಂದು ಕೂಸು ಹಸಿರು ಗುಬ್ಬಿಯನ್ನು ಕಿತ್ತು ಬಾಯಿಗೆ ಹಾಕಿಕೊಂಡಾಗ ಇವರು ಕೂಸಿಗಿಂತ ಜೋರಾಗಿ ಅತ್ತರು.

ಆ ಸೆಟ್ಟಿಗೆ ಒಂದೇ ಒಂದು ಕೊರತೆ. ಅದರಿಂದ ಎಷ್ಟು ಕರೆದರೂ ಯಾರೂ ಉತ್ತರ ಕೊಟ್ಟಿರಲಿಲ್ಲ.

ಒಬ್ಬರೆಂದರೆ ಒಬ್ಬರೂ ಇಲ್ಲ. ನಾನು ಆ ಮನೆಗೆ ಬರುವ ಎಷ್ಟೋ ವರ್ಷ ಮೊದಲೇ ಸೆಟ್ಟು ತಯಾರಾಗಿತ್ತು. ಡ್ಯೂಟಿ ಮುಗಿಸಿ ಬಂದು, ಕೈಕಾಲು ತೊಳೆದು, ಖಾಕಿ ಅಂಗಿ ಬಿಚ್ಚಿಟ್ಟು, ಪಡಸಾಲೆಯ ಮೂಲೆಯ ಸ್ಟೂಲಿನ ಮೇಲೆ ಕೂತು ಅವರು ದಿನಾ ಸಂಜೆ ಕೂಗುತ್ತಿದ್ದರು: "ಸಿಕ್ಯೂ, ಸಿಕ್ಯೂ, ಸಿಕ್ಯೂ." ಯಾರಾದರೂ ಇದ್ದರೆ ಮಾತಾಡಿ ಎಂದು ಹ್ಯಾಮುಗಳು ಕರೆಯುವ ರೀತಿ ಅದು. ಆಮೇಲೆ ಕರೆಸಂಕೇತ. ಆಮೇಲೆ ಕೇಳುತ್ತ ಕೂರುವುದು. ಕಂಡಕ್ಟರರ ಗಂಟಲು, ಕೇಳಬೇಕೆ? "ಕನಕ್ಪುರ ಕನಕ್ಪುರ ಕನಕ್ಪುರ" ಎಂದು ಕೂಗಿ ಹದವಾದ ದನಿ ಅದು. ಆ ದನಿಗೆ ನಾನು ಮಾಳಿಗೆಯ ಮೇಲೆ ಕಾಫಿಗಿಡುತ್ತಿದ್ದೆ. ಮೂರು ಸಲ ಕೂಗುವಷ್ಟರಲ್ಲಿ ಹಾಲು ಉಕ್ಕುತ್ತಿತ್ತು. ಉತ್ತರವಾಗಿ ಬರುತ್ತಿದ್ದದ್ದು ಬರೀ ಗೊರಗೊರ ಸದ್ದು. ಪಂಪ್‌ಸೆಟ್ಟಿನದು, ಬೀದಿಯ ಎಲ್ಇಡಿ ಬಲ್ಬಿನದು, ಯಾರದೋ ಚಾರ್ಜರಿನದು, ಎಲ್ಲ ಸೇರಿದ ಗೊರಗೊರ.

ಬಂದಿಲ್ಲ ಎಂದರೆ ತಪ್ಪಾದೀತು. ಒಂದು ಉತ್ತರ ಬಂದಿತ್ತು. ಅದೊಂದು ಶನಿವಾರ ಸಂಜೆ ಊರಿನ ಮಾರಮ್ಮನ ಗುಡಿಯಲ್ಲಿ ಹೊಸ ಮೈಕ್ ಸೆಟ್ಟು ಕಟ್ಟಿದ್ದರು. ಇವರ ದನಿ ಅದು ಹೇಗೋ ಆ ಸ್ಪೀಕರಿನ ಉದ್ದುದ್ದ ತಂತಿಗಳಿಗೆ ಹೊಕ್ಕು, ಮಂಗಳಾರತಿಯ ಮಧ್ಯೆ ಗೋಪುರದ ಮೇಲಿಂದ ಗೊಗ್ಗರು ಸ್ವರದಲ್ಲಿ, "ಯಾರಾದ್ರೂ ಕೇಳ್ತಾ ಇದ್ದೀರಾ?" ಎಂದು ಹೊರಟಿತು. ಮೆಟ್ಟಿಲ ಮೇಲೆ ಕೂತಿದ್ದ ಹಣ್ಣು ಹಣ್ಣು ಮುದುಕಿಯೊಬ್ಬರು ಕೈಮುಗಿದು, "ಕೇಳ್ತಾ ಇವ್ನಿ ಕಣವ್ವ, ಅದೇನ್ ಹೇಳು" ಎಂದರು. ಪೂಜಾರಪ್ಪ ಗಂಟೆ ಕೈಬಿಟ್ಟ. ಆಮೇಲೆ ಊರಿನವರು ಮನೆಗೆ ಬಂದು ಗಲಾಟೆ ಮಾಡಿ, ಇವರು ಮಾರಮ್ಮನಿಗೆ ತಪ್ಪು ಕಾಣಿಕೆ ಹಾಕಿ, ಗುಡಿಯ ಸ್ಪೀಕರಿನ ತಂತಿಗಳನ್ನೆಲ್ಲ ಗಿಡ್ಡ ಮಾಡಿಕೊಟ್ಟರು. "ಹಾಗಾದರೆ ಉತ್ತರ ಬಂದ ಹಾಗಾಯಿತಲ್ಲ" ಎಂದು ನಾನು ಛೇಡಿಸಿದೆ. ಅವರು ಗಂಭೀರವಾಗಿ ಯೋಚಿಸಿ, "ಲೆಕ್ಕಕ್ಕಿಲ್ಲ ಮೇಡಂ. ಅಜ್ಜಿ ತಾವ ಲೈಸೆನ್ಸ್ ಇಲ್ಲ" ಎಂದರು.

ಇನ್ನು ಅವರ ಹೆಂಡತಿ ಪುಟ್ಟತಾಯಮ್ಮ. ಆ ಮನೆಯಲ್ಲಿ ನಿಜವಾದ ಯಂತ್ರ ಎಂದರೆ ಆಕೆಯೇ. ಹಿತ್ತಲಿನ ಹುಳದ ಮನೆಯಲ್ಲಿ ವರ್ಷವಿಡೀ ರೇಷ್ಮೆ ಹುಳ ಸಾಕುತ್ತಿದ್ದರು, ಹೊಲದಲ್ಲಿ ಅವಕ್ಕೆ ಹಿಪ್ಪುನೇರಳೆ ಸೊಪ್ಪು ಬೆಳೆಯುತ್ತಿದ್ದರು, ಗೂಡನ್ನು ರಾಮನಗರದ ಮಾರುಕಟ್ಟೆಗೆ ತಾವೇ ಒಯ್ಯುತ್ತಿದ್ದರು. ಹುಳದ ಮನೆಗೆ ಕಾಲು ತೊಳೆಯದೆ ಹೋಗುವ ಹಾಗಿಲ್ಲ, ಸೆಂಟು ಹಾಕಿದವರು ಹತ್ತಿರ ಸುಳಿಯುವ ಹಾಗಿಲ್ಲ, ಒಗ್ಗರಣೆಯ ಘಾಟು ಆ ಕಡೆ ಹೋಗುವ ಹಾಗಿಲ್ಲ. ಸೋಲ್ಡರಿಂಗ್ ಹೊಗೆಯಂತೂ ಮಹಾಪರಾಧ. ಅದಕ್ಕೇ ಕಂಡಕ್ಟರಣ್ಣ ಬೆಸುಗೆ ಕೆಲಸವನ್ನೆಲ್ಲ ಕೊಟ್ಟಿಗೆಯಲ್ಲಿ ಹಸುವಿನ ಪಕ್ಕದಲ್ಲಿ ಕೂತು ಮಾಡುತ್ತಿದ್ದರು. ಹಸು ಮೆಲುಕು ಹಾಕುತ್ತ ಅವರ ಸರ್ಕ್ಯೂಟನ್ನು ನೋಡುತ್ತಿತ್ತು. ಒಮ್ಮೆ ಒಂದು ಕೆಪಾಸಿಟರನ್ನು ಮೂಸಿ ಬೇಡವೆಂದು ತಲೆ ತಿರುಗಿಸಿತು. ಆಮೇಲೆ ನೋಡಿದರೆ ಅದು ಕೆಟ್ಟದ್ದೇ ಆಗಿತ್ತೆಂದು ಅವರು ಆಣೆ ಮಾಡಿ ಹೇಳಿದರು.

ರೇಡಿಯೊ ಬಗ್ಗೆ ಪುಟ್ಟತಾಯಮ್ಮನ ಅಭಿಪ್ರಾಯ ಒಂದೇ ಸಾಲಿನದು. "ನಮ್ಮ ಹುಳ ಬಾಯಿ ಮುಚ್ಕೊಂಡು ತಿಂದು ಗೂಡು ಕೊಡ್ತವೆ. ಇವ್ರು ಬಾಯಿ ತಗ್ದು ಕೂಗಿ ಏನ್ ಕೊಟ್ರು ಹೇಳಿ ಮೇಡಮ್ಮೋರೇ?" ಹಾಗೆಂದು ಆಕೆ ಗಂಡನನ್ನು ತಡೆದವರೂ ಅಲ್ಲ. ಸಂಜೆ ಅವರು ಕೂಗುವಾಗ ಈಕೆ ಅಲ್ಲೇ ಹೊಸಿಲ ಮೇಲೆ ಕೂತು ಸೊಪ್ಪು ಕತ್ತರಿಸುತ್ತಿದ್ದರು. ಕೂಗಿ ಮುಗಿದು ಗೊರಗೊರ ಶುರುವಾದಾಗ, "ಬಂತಾ?" ಎಂದು ಕೇಳುವರು. "ಇಲ್ಲ" ಎನ್ನುವರು ಇವರು. "ಉಣ್ಣಕ್ಕೆ ಏಳಿ ಮತ್ತೆ" ಎನ್ನುವರು. ಪ್ರತಿ ಸಂಜೆ ಇದೇ ಮಾತು.

ಒಂದು ಬೇಸಗೆಯಲ್ಲಿ ಅವರಿಗೆ ಹೊಸ ವಿಚಾರ ಹೊಳೆಯಿತು. "ಮೇಡಂ, ನಾನು ಕೂಗೋದು ಹೋಯ್ತಾ ಇದ್ದು, ಅವ್ರು ಕೂಗೋದು ನನಗೇ ಕೇಳ್ತಿಲ್ಲ ಅಂದ್ರೆ?" ಕಳಿಸುವ ತಂತಿ ತೆಂಗಿನ ಮರದ ಮೇಲೆ ಚೆನ್ನಾಗಿಯೇ ಇದೆ. ಕೇಳಲು ಬೇರೆ ತಂತಿ ಬೇಕು, ಸುರುಳಿಯಾಗಿ ಸುತ್ತಿದ್ದು. ಗದ್ದಲ ಬರುವ ಕಡೆಗೆ ಅದನ್ನು ಓರೆಯಾಗಿ ತಿರುಗಿಸಿಟ್ಟರೆ ಗದ್ದಲ ತಗ್ಗಿ ದನಿ ಉಳಿಯುತ್ತದೆ. ಅಷ್ಟು ದೊಡ್ಡ ಸುರುಳಿಯ ಚೌಕಟ್ಟು ಎಲ್ಲಿ ಸಿಗಬೇಕು? ಅವರು ಅಟ್ಟದ ಮೇಲೆ ನೋಡಿದರು. ಅಲ್ಲಿ ಚಂದ್ರಿಕೆಗಳಿದ್ದವು.

ರೇಷ್ಮೆ ಸೀಮೆಯವರಲ್ಲದವರಿಗಾಗಿ ಹೇಳುತ್ತೇನೆ. ಚಂದ್ರಿಕೆ ಎಂದರೆ ಬಾಗಿಲಿನಷ್ಟು ಅಗಲದ ಬಿದಿರಿನ ತಟ್ಟಿ. ಅದರ ಮೇಲೆ ಬಿದಿರಿನ ಪಟ್ಟಿಯನ್ನು ಚಕ್ಕುಲಿಯ ಹಾಗೆ ಸುತ್ತುಸುತ್ತಾಗಿ ನಿಲ್ಲಿಸಿರುತ್ತಾರೆ. ಹುಳ ಹಣ್ಣಾದಾಗ, ಅಂದರೆ ತಿನ್ನುವುದು ಬಿಟ್ಟು ಮೈ ತಿಳಿಯಾಗಿ ತಲೆಯೆತ್ತಿದಾಗ, ಅದನ್ನು ಆಯ್ದು ಆ ಸುತ್ತುಗಳಲ್ಲಿ ಬಿಡಬೇಕು. ಅಲ್ಲೇ ಅದು ಗೂಡು ಕಟ್ಟುತ್ತದೆ. ತಡ ಮಾಡಿದರೆ ಸೊಪ್ಪಿನ ಕಸದಲ್ಲೇ ಕಟ್ಟಿಕೊಂಡು ಗೂಡು ಕೆಡುತ್ತದೆ, ಬೆಳೆ ಹೋಗುತ್ತದೆ. ಇಂಥ ಪವಿತ್ರವಾದ ವಸ್ತುವೊಂದನ್ನು ಕಂಡಕ್ಟರಣ್ಣ ಅಟ್ಟದಿಂದ ಸದ್ದಿಲ್ಲದೆ ಇಳಿಸಿ, ಅದರ ಹೊರಸುತ್ತುಗಳ ಉದ್ದಕ್ಕೂ ತಾಮ್ರದ ತಂತಿ ಬಿಗಿದು, ಪಡಸಾಲೆಯ ಗೋಡೆಗೆ ಒರಗಿಸಿದರು. ಹೆಂಡತಿಗೆ, "ಮುರ್ದೋಗಿರೋದು" ಎಂದರು. ಆಕೆ ಹುಳಕ್ಕೆ ಸೊಪ್ಪು ಹಾಕುವ ಅವಸರದಲ್ಲಿದ್ದರು, ತಿರುಗಿ ನೋಡಲಿಲ್ಲ.

ಆ ಸಂಜೆ ನಾನು ಕಾಫಿ ಲೋಟ ಹಿಡಿದು ಕೆಳಗೇ ಇದ್ದೆ. ಅವರು ಚಂದ್ರಿಕೆಯನ್ನು ಅತ್ತ ಇತ್ತ ಸರಿಸುತ್ತ ಹೋದರು. ಒಂದು ಕಡೆ ಬಂದಾಗ ಗೊರಗೊರ ಗಪ್ಪೆಂದಿತು. ಆ ಗೊರಗೊರವಿಲ್ಲದ ಸೆಟ್ಟನ್ನು ನಾನು ಕೇಳಿದ್ದು ಅದೇ ಮೊದಲು. ಅವರು ಕೂಗಿದರು. ಕಿವಿಗೊಟ್ಟರು. ಬಹಳ ದೂರದಿಂದ, ಬಾವಿಯೊಳಗಿನಿಂದ ಬಂದ ಹಾಗೆ, ಯಾರೋ ಗಂಡಸು ಇವರ ಕರೆಸಂಕೇತವನ್ನು ಹೇಳುತ್ತಿದ್ದ. ಮೊದಲ ಅಕ್ಷರ ಬಂತು, ಎರಡನೆಯದು ಬಂತು, ಅಂಕಿ ಬಂತು. ಕರೆಂಟು ಹೋಯಿತು.

ಅವರು ಕತ್ತಲೆಯಲ್ಲೇ ಗುಬ್ಬಿಗಳನ್ನು ತಡವಿದರು. ಆಮೇಲೆ, "ಮೇಡಂ, ಕರೆದ್ರು. ನನ್ನೇ ಕರೆದ್ರು. ಇಷ್ಟ್ ವರ್ಸ ಯಾರ್‍ಯಾರು ಕರೆದ್ರೋ, ನನಗೇ ಕೇಳ್ಲಿಲ್ಲ" ಎಂದರು. ಆ ಮನುಷ್ಯನ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಾಳೆ ಇದೇ ಹೊತ್ತಿಗೆ ಆತ ಮತ್ತೆ ಬರಬಹುದು, ಬಂದೇ ಬರುತ್ತಾನೆ ಎಂದು ಅವರು ರಜೆ ಹಾಕಿದರು. ಕರೆಂಟನ್ನು ನಂಬುವ ಹಾಗಿಲ್ಲವೆಂದು ಪಕ್ಕದ ಮನೆಯ ಟ್ರ್ಯಾಕ್ಟರಿನ ಬ್ಯಾಟರಿಯನ್ನು ಎರವಲು ತಂದರು.

ಬೆಳಗಾದರೆ ಹುಳ ಹಣ್ಣಾಗಿದ್ದವು.

ಸೆಕೆ ಹೆಚ್ಚಾಗಿ ಒಂದು ದಿನ ಮೊದಲೇ ಆಗಿಬಿಟ್ಟಿದ್ದವು. ಅದು ಭಾನುವಾರವಾದ್ದರಿಂದ ನನ್ನನ್ನೂ ಸೇರಿಸಿ ಬೀದಿಯ ಹೆಂಗಸರನ್ನೆಲ್ಲ ಪುಟ್ಟತಾಯಮ್ಮ ಹುಳ ಆಯಲು ಕರೆದರು. ಅಟ್ಟದ ಚಂದ್ರಿಕೆಗಳೆಲ್ಲ ಇಳಿದವು, ಎರಡು ಮನೆಗಳಿಂದ ಎರವಲು ಬಂದವು, ಎಲ್ಲವೂ ತುಂಬಿದವು. ಇನ್ನೂ ಒಂದು ಚಂದ್ರಿಕೆಯಷ್ಟು ಹುಳ ಮೊರದಲ್ಲಿ ತಲೆಯೆತ್ತಿ ಕೂತಿದ್ದವು. ಪುಟ್ಟತಾಯಮ್ಮ ಸುತ್ತ ನೋಡಿದರು. ಪಡಸಾಲೆಗೆ ಬಂದು ಆ ಮುರಿಯದ ಚಂದ್ರಿಕೆಯ ಮುಂದೆ ನಿಂತರು.

"ಇದ್ಯಾವ್ದು?"

"ಅದು... ಅದು ಕೇಳೋದು" ಎಂದರು ಕಂಡಕ್ಟರಣ್ಣ.

"ಹುಳ ಕಾಯ್ತವಾ? ಬಿಚ್ಚಿ ತಂತಿಯ!"

"ಬಿಚ್ಚಿದ್ರೆ ಮತ್ತೆ ಸುತ್ತಕ್ಕೆ ನಾಕ್ ದಿನ ಬೇಕು ಕಣಮ್ಮಿ! ಆವಯ್ಯ ಇವತ್ ಸಂಜೆ ಬತ್ತಾನೆ. ಇವತ್ ಬುಟ್ರೆ ಮತ್ ಎಲ್ ಹುಡುಕ್ಲಿ?"

ಹೆಂಗಸರೆಲ್ಲ ಹುಳ ಹಿಡಿದ ಕೈಗಳನ್ನು ಗಾಳಿಯಲ್ಲಿಟ್ಟುಕೊಂಡು ನೋಡುತ್ತಿದ್ದರು. ಗಂಡ ಹೆಂಡತಿ ಚಂದ್ರಿಕೆಯ ಒಂದೊಂದು ಅಂಚು ಹಿಡಿದು ನಿಂತಿದ್ದರು. ಕೊನೆಗೆ ಕಂಡಕ್ಟರಣ್ಣನೇ ಸೋತರು. "ತಂತಿ ಹಂಗೇ ಇರ್ಲಿ. ಹುಳ ಬುಟ್ಕೋ. ಬಿದಿರ ಮೇಲೆ ಕಟ್ಟೋವು ತಾಮ್ರದ ಮೇಲೆ ಕಟ್ಟಕ್ಕಿಲ್ವಾ?"

"ಕರೆಂಟ್ ಹೊಡೆದ್ರೆ?"

"ಇದು ಬರೀ ಕೇಳೋ ತಂತಿ ಕಣಮ್ಮಿ, ಕಿವಿ ಇದ್ದಂಗೆ. ಕರೆಂಟಿಲ್ಲ."

"ಹಂಗಾರೆ ನೀವು ನಾಲ್ಗೆ ಇಟ್ ತೋರ್ಸಿ."

ಇಡೀ ಬೀದಿಯ ಹೆಂಗಸರ ಮುಂದೆ ಕಂಡಕ್ಟರಣ್ಣ ಬಗ್ಗಿ, ಚಂದ್ರಿಕೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೆಕ್ಕಿದರು. ಏನೂ ಆಗಲಿಲ್ಲ. ಪುಟ್ಟತಾಯಮ್ಮ ನೀರು ಚಿಮುಕಿಸಿ ಒರೆಸಿ ಹುಳ ಬಿಟ್ಟರು, ಮೂರು ಷರತ್ತುಗಳ ಮೇಲೆ. ಚಂದ್ರಿಕೆ ಅಲುಗಾಡಬಾರದು. ಹೊಗೆ ಏಳಬಾರದು. ಗೂಡು ಕಟ್ಟುವ ಹುಳದ ಹತ್ತಿರ ಗಟ್ಟಿ ಮಾತಾಡಬಾರದು, ಬೆಚ್ಚಿದರೆ ನೂಲು ತುಂಡಾಗುತ್ತದೆ. ಅವರು ಎಲ್ಲಕ್ಕೂ ತಲೆಯಾಡಿಸಿದರು. ಉಳಿದ ಚಂದ್ರಿಕೆಗಳೆಲ್ಲ ಪಡಸಾಲೆಯಲ್ಲಿ ಒಂದೇ ಸಾಲಾಗಿ ಬೀದಿಗೆ ಮುಖ ಮಾಡಿ ನಿಂತಿದ್ದರೆ, ಇದೊಂದು ಮುನಿಸಿಕೊಂಡ ಹಾಗೆ ಓರೆಯಾಗಿ ನಿಂತಿತು.

ಸಂಜೆಯಾಯಿತು. ಕೆಲಸ ಮುಗಿಸಿ ಕೈ ತೊಳೆದ ಹೆಂಗಸರು ಯಾರೂ ಮನೆಗೆ ಹೋಗಲಿಲ್ಲ. ಹುಳದ ಮೇಲೆ ಮಾತಾಡುವ ರೇಡಿಯೊ ನೋಡಲು ಅಂಗಳದಲ್ಲಿ ಕೂತರು. ಕಂಡಕ್ಟರಣ್ಣ ಸ್ಟೂಲಿನ ಮೇಲೆ ಕೂತು ಸ್ಪೀಕರಿನ ಮೇಲೆ ಟವೆಲ್ ಹಾಕಿದರು. ಪುಟ್ಟತಾಯಮ್ಮ ಅವರ ಬೆನ್ನ ಹಿಂದೆ ಬಾಯಿಯ ಮೇಲೆ ಬೆರಳಿಟ್ಟುಕೊಂಡು ನಿಂತರು. ಚಂದ್ರಿಕೆಯ ಮೇಲೆ ಹುಳಗಳು ತಲೆಯನ್ನು ಅತ್ತಿತ್ತ ತೂಗುತ್ತ ತಂತಿಯಿಂದ ಬಿದಿರಿಗೆ, ಬಿದಿರಿನಿಂದ ತಂತಿಗೆ ಎಳೆ ಹಾಯಿಸುತ್ತಿದ್ದವು.

"ಸಿಕ್ಯೂ... ಸಿಕ್ಯೂ..." ಬಸ್ ಸ್ಟ್ಯಾಂಡ್ ನಡುಗಿಸುವ ಆ ಗಂಟಲು ತೊಟ್ಟಿಲ ಮಗುವಿಗೆ ಜೋಗುಳ ಹೇಳುವಷ್ಟು ಮೆಲ್ಲಗೆ ಕರೆಯಿತು. ಕರೆಸಂಕೇತವನ್ನು ಉಸಿರಿನಲ್ಲೇ ಹೇಳಿ ಕೇಳುತ್ತ ಕೂತರು.

"ಹಲೋ," ಎಂದು ಟವೆಲ್ಲು ತನ್ನ ಸಂಕೇತ ಹೇಳಿತು. "ಯಾರ್ರೀ ಅದು ಪಿಸಿಪಿಸಿ ಅನ್ನಾಕತ್ತೀರಿ? ಏನೂ ತಿಳೀವಲ್ದು. ಇಲ್ಲಿ ವಿಜಯಪುರದ ಕಡೆಯಿಂದ್ರೀ. ನಿಮ್ಮ ಸಂಕೇತ ಇನ್ನೊಮ್ಮೆ ಹೇಳ್ರಿ."

ಹ್ಯಾಮುಗಳಲ್ಲಿ ಒಂದು ನಿಯಮ: ಇಬ್ಬರಿಗೂ ಇಬ್ಬರ ಸಂಕೇತ ಪೂರ್ತಿ ಕೇಳಿಸಬೇಕು, ಆಗಲೇ ಅದು ಉತ್ತರ ಬಂದ ಲೆಕ್ಕ. ಕಂಡಕ್ಟರಣ್ಣ ದನಿ ಕಳಿಸುವ ಮೈಕಿನ ಗುಂಡಿ ಒತ್ತಿ ಸಂಕೇತವನ್ನು ಮತ್ತೆ ಪಿಸುಗುಟ್ಟಿದರು.

"ಇಲ್ರೀ, ಏನೂ ಹತ್ತವಲ್ದು. ಮನ್ಯಾಗ ಕೂಸು ಮಲಗೇತೇನ್ರೀ? ಒಂದೀಟು ಗಟ್ಟಿ ಮಾತಾಡ್ರಿ."

ಅವರು ತಿರುಗಿ ಹೆಂಡತಿಯ ಮುಖ ನೋಡಿದರು. ಬೆರಳು ಬಾಯಿಯ ಮೇಲೇ ಇತ್ತು. ಮೈಕನ್ನು ತುಟಿಗೆ ಒತ್ತಿಕೊಂಡು ಇನ್ನೊಮ್ಮೆ ಪಿಸುಗುಟ್ಟಿದರು. ಕಣ್ಣಿನಲ್ಲಿ ನೀರು ಬಂದಿತ್ತು. ಹುಳ ಹಾಳಾಗಲಿ ಎಂದು ಕೂಗಿಬಿಡಬಹುದಿತ್ತು. ಅವರು ಕೂಗಲಿಲ್ಲ. ಆ ಮನುಷ್ಯನ ಬಗ್ಗೆ ನನಗಿದ್ದ ಪ್ರೀತಿ ಆ ಕ್ಷಣದಲ್ಲಿ ದುಪ್ಪಟ್ಟಾಯಿತು.

"ಹೋಗ್ಲಿ ಬಿಡ್ರಿ" ಎಂದಿತು ದನಿ, ದೂರ ಸರಿಯುತ್ತ. "ಇಲ್ಲಿ ಸಿಗ್ನಲ್ಲೂ ಇಳ್ಯಾಕತ್ತೇತಿ. ಇನ್ನೊಮ್ಮೆ ಯಾವಾಗರ ಸಿಗೋಣಂತ..."

ಅವರು ಗುಂಡಿ ಒತ್ತಿದರು. ಬಾಯಿ ತೆರೆದರು. ಪಿಸುಮಾತೂ ಹೊರಡಲಿಲ್ಲ.

ಆಗ ಅವರ ಬೆನ್ನ ಹಿಂದಿನಿಂದ ಒಂದು ದನಿ ಹೊರಟಿತು. ಕರೆಸಂಕೇತದ ಒಂದೊಂದು ಅಕ್ಷರವನ್ನೂ ಅಂಕಿಯನ್ನೂ ಬಿಡಿಬಿಡಿಯಾಗಿ, ಒಂದೂ ತಪ್ಪದೆ, ಹೊಲದ ಆಚೆ ದಡದ ಕೂಲಿಯವರನ್ನು ಕರೆಯುವ ಜೋರಿನಲ್ಲಿ ಪುಟ್ಟತಾಯಮ್ಮ ಕೂಗಿದರು. ವರ್ಷಗಟ್ಟಲೆ ಹೊಸಿಲ ಮೇಲೆ ಸೊಪ್ಪು ಕತ್ತರಿಸುತ್ತ ಕೇಳಿದ್ದಲ್ಲವೇ? ಕೂಗಿ, "ಹೋಗ್ಬ್ಯಾಡಿ ಕಣಣ್ಣೋ! ಅವ್ರು ಇಲ್ಲೇ ಅವ್ರೆ!" ಎಂದೂ ಸೇರಿಸಿದರು. ಕೊಟ್ಟಿಗೆಯಲ್ಲಿ ಹಸು ಎದ್ದು ನಿಂತಿತು.

ಕಂಡಕ್ಟರಣ್ಣನ ಬೆರಳು ಗುಂಡಿಯಿಂದ ಜಾರಿತು.

"ಹಾಂ, ಈಗ ಬಂತ್ ನೋಡ್ರಿ!" ಎಂದಿತು ವಿಜಯಪುರ. "ಸಂಕೇತ ಪೂರ್ತಿ ಬಂತು! ಫೈವ್ ನೈನ್ ಅಕ್ಕಾರ, ಫೈವ್ ನೈನ್! ಇದಕ್ಕಿಂತ ಹೆಚ್ಚಿಗಿ ಕೊಡಾಕ ನಮ್ಮ ಹತ್ರ ಮಾರ್ಕ್ಸ ಇಲ್ರೀ. ಮೊದಲ ಯಾಂವ್ರೀ ಅಂವ ಪಿಸಿಪಿಸಿ ಅನ್ನಾಂವ? ಅಂವನ್ನ ಸರಸಿ ನೀವ ಮಾತಾಡ್ರಿ. ಭಾಳ ಛಲೋ ಬರಾಕತ್ತೀರಿ. ಆಂಟೆನಾಕ್ಕ ಏನ್ ಹಾಕೀರಿ ಅಕ್ಕಾರ?"

ಲೈಸೆನ್ಸ್ ಇಲ್ಲದವರು ಮೈಕು ಮುಟ್ಟಬಾರದೆಂದು ಕಂಡಕ್ಟರಣ್ಣ ತಾವೇ ಗುಂಡಿ ಒತ್ತಿ ಹಿಡಿದರು. ಪುಟ್ಟತಾಯಮ್ಮ ಚಂದ್ರಿಕೆಯನ್ನೊಮ್ಮೆ ನೋಡಿ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟರು.

"ಹುಳ ಹಾಕಿವ್ನಿ."

ವಿಜಯಪುರ ಬಹಳ ಎಚ್ಚರಿಕೆಯಿಂದ, "ಇನ್ನೊಮ್ಮೆ ಹೇಳ್ರಿ?" ಎಂದಿತು.

ಕಂಡಕ್ಟರಣ್ಣ ಟವೆಲ್ ಕಿತ್ತೆಸೆದು, ಕಣ್ಣೀರು ಸುರಿಸುತ್ತ, ಮೈಕಿಗೆ ಬಾಯಿ ಹಚ್ಚಿ, ಇಡೀ ಕೈಲಾಂಚಕ್ಕೆ ಕೇಳುವ ಹಾಗೆ ಕೂಗಿದರು: "ಹುಳ ಸಾರ್! ರೇಷ್ಮೆ ಹುಳ! ಹುಳ, ಹುಳ, ಹುಳ!"

ಪುಟ್ಟತಾಯಮ್ಮ ಈ ಸಲ ಬಾಯಿಯ ಮೇಲೆ ಬೆರಳಿಡಲಿಲ್ಲ.